ಅಗಿಯಬಾರದ ಎಲೆ

ಸವಣೂರು
18 ಆಗಸ್ಟ್ 2025

ದಿಲ್ಶಾದ, ಸಲಾಂ.

ಊರಿಗೆಲ್ಲ ಫೋನ್ ಮಾರುವವನು ತಂಗಿಗೆ ಪತ್ರ ಬರೆಯುತ್ತಿದ್ದಾನೆ ಎಂದು ನಗುತ್ತೀ. ನಗು. ರಂಜಾನ್ ಹಬ್ಬದ ದಿನ ಫೋನಿನಲ್ಲಿ ಅಂಗಡಿಯ ಮಾತು ತೆಗೆದು ನಾವಿಬ್ಬರೂ ಹೇಗೆ ಕಚ್ಚಾಡಿದೆವು, ನೆನಪಿದೆಯಲ್ಲ? ಅವತ್ತೇ ಅವ್ವ ತೀರ್ಪು ಕೊಟ್ಟಳು: "ಇನ್ನ ಮ್ಯಾಲೆ ಅಂಗಡಿ ಮಾತು ಫೋನಿನ್ಯಾಗ ಬ್ಯಾಡ. ಬರೀರಿ. ಬರಿಯೂದ್ರಾಗ ಅರ್ಧ ಸಿಟ್ಟು ಇಳೀತೈತಿ." ನನ್ನ ಸಿಟ್ಟು ಇಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಬೆರಳುಗಳಂತೂ ನೋಯುತ್ತಿವೆ.

ಈ ಪತ್ರದ ಜೊತೆ ಬಸ್ಸಿನಲ್ಲಿ ಒಂದು ಡಬ್ಬಿ ಬರುತ್ತದೆ. ಅದರಲ್ಲಿ ನಿನಗೆ ತಿನ್ನಲು ಸವಣೂರಿನ ಖಾರಾ, ನಿನ್ನ ಗಂಡ ಜಾವೇದನಿಗೆ ಕೆಲಸ. ನಾನು ಮಾರಿದ ಕೆಲವು ಅಲ್ಟೋರಾ ಫೋನುಗಳ ಪರದೆಯ ಮೇಲೆ ಉದ್ದಕ್ಕೆ ಹಸಿರು ಗೆರೆ ಬಿದ್ದಿದೆ. ಶಿಗ್ಗಾಂವದಲ್ಲಿರುವ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಬೇಕಿತ್ತು, ಅಲ್ಲಿ ಗದ್ದಲ ಬಹಳ. ಹಿರೇಕೆರೂರಿನ ನಿಮ್ಮ ರಿಪೇರಿ ಅಂಗಡಿಯಲ್ಲಿ ಕುಳಿತು ಎಲ್ಲ ಕಂಪನಿಯ ಫೋನಿನ ಹೊಟ್ಟೆಯನ್ನೂ ಬಿಚ್ಚುವ ಭೂಪ ಅವನು, ಇದನ್ನೂ ಒಂದು ಕೈ ನೋಡಲಿ.

ಈಗ ದೊಡ್ಡ ಸುದ್ದಿ. ಅಲ್ಟೋರಾದ ಏರಿಯಾ ಮ್ಯಾನೇಜರ್ ಅಂಬರೀಶ ಬಂದಿದ್ದ. ಹಾನಗಲ್ಲಿನ ಹುಡುಗ, ನನ್ನನ್ನು "ಅಣ್ಣಾರ" ಎಂದೇ ಕರೆಯುತ್ತಾನೆ. ದೀಪಾವಳಿಗೆ ಸವಣೂರಿನಲ್ಲಿ ಅಲ್ಟೋರಾ ನನ್ನ ಅಂಗಡಿಯಲ್ಲಿ ಮಾತ್ರ. ಅಂಗಡಿಯ ಅಗಲಕ್ಕೂ ಅವರದೇ ಬೋರ್ಡು, ಒಳಗೆ ಅವರದೇ ದೀಪ. ಬದಲಿಗೆ ನಾನು ಬೇರೆ ಕಂಪನಿಯ ಫೋನ್ ಇಡಬಾರದು, ಹಬ್ಬದ ಮಾಲನ್ನು ಈಗಲೇ ತುಂಬಿಸಿಕೊಳ್ಳಬೇಕು. ಆ ಕೀವಾ ಎಂಬ ಹೊಸ ಕಂಪನಿ ಬಂದ ಮೇಲೆ ಅಲ್ಟೋರಾ ಮುಳುಗಿತು ಎಂದು ಮಂದಿ ಆಡಿಕೊಳ್ಳುತ್ತಾರೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಇಷ್ಟು ವರ್ಷ ದೇಶಕ್ಕೇ ಮೊದಲ ನಂಬರಿನಲ್ಲಿದ್ದ ಕಂಪನಿ ಅದು.

ಕಾಗದಕ್ಕೆ ಸಹಿ ಮಾಡಿದೆ. ಆದರೆ ನನಗೆ ಕಾಗದ ಮುಖ್ಯವಲ್ಲ. ಅಪ್ಪ ಹಾನಗಲ್ಲಿನ ಎಲೆ ವ್ಯಾಪಾರಿ ಕುಬೇರಪ್ಪನವರ ಜೊತೆ ಮಾಡುತ್ತಿದ್ದ ಹಾಗೆ, ನಮ್ಮ ತೋಟದ ಒಂದೇ ಬಳ್ಳಿಯಿಂದ ಎರಡು ವೀಳ್ಯದೆಲೆ ಕಿತ್ತು ತಂದೆ. ಒಂದನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡೆ, ಒಂದನ್ನು ಅಂಬರೀಶನ ಕೈಗೆ ಕೊಟ್ಟೆ. "ಮಾತು ಕೊಟ್ಟಂಗ ಆತ್ ನೋಡ್ರಿ" ಅಂದೆ. "ಆತ್ರಿ ಅಣ್ಣಾರ" ಎಂದು ತೆಗೆದುಕೊಂಡ. ಅಪ್ಪ ಖಾದರಸಾಬರ ಮಗ ಮಾತಿಗೆ ತಪ್ಪುವವನಲ್ಲ.

ನಿನ್ನ ಭಾಯಿ,
ಕುತುಬುದ್ದೀನ

*

ಹಿರೇಕೆರೂರು
27 ಆಗಸ್ಟ್ 2025

ಭಾಯಿ, ಸಲಾಂ.

ಖಾರಾ ಮುಟ್ಟಿತು, ಆಗಲೇ ಮುಗಿಯಿತು. ಫೋನುಗಳು ರಿಪೇರಿಯಾಗಿ ಇದೇ ಡಬ್ಬಿಯಲ್ಲಿ ವಾಪಸ್ ಬರುತ್ತಿವೆ. ಇವರು ಹೇಳಿದ ಮಾತನ್ನು ಹೇಳಿದಂತೆಯೇ ಬರೆಯುತ್ತೇನೆ: "ಇದು ಗಿರಾಕಿ ಕೆಡವಿದ್ದಲ್ಲ, ಕಂಪನೀನ ಕೆಡಿಸಿದ್ದು. ಇನ್ನೂ ಬರ್ತಾವ ನೋಡು." ನೀನು ಸಿಟ್ಟಾಗಬೇಡ. ಸಿಟ್ಟಾದರೆ ನನ್ನ ಮೇಲಾಗು, ಇವರ ಮೇಲೆ ಬೇಡ.

ಎಲೆಯ ವಿಷಯ ಓದಿ ನನಗೆ ಅಪ್ಪನೇ ಕಣ್ಣ ಮುಂದೆ ಬಂದ. ಎಲೆಗೆ ಚುಕ್ಕೆರೋಗ ಬಂದ ವರ್ಷ ನಿನಗೆ ನೆನಪಿದೆಯೋ ಇಲ್ಲವೋ. ಪೇಟೆಯಲ್ಲಿ ಯಾರೂ ಮೂಸಿ ನೋಡದ ಎಲೆಯನ್ನು ಕುಬೇರಪ್ಪನವರು ಪೆಂಡಿಗೆ ಪೆಂಡಿ ಎತ್ತಿಕೊಂಡು ಹೋದರು. "ಖಾದರಸಾಬಾ, ನಿನ್ನ ಎಲಿ ನನ್ನ ಪೆಟ್ಟಿಗ್ಯಾಗ ಒಣಗಾಕತ್ತೈತಿ, ನಾ ಹೆಂಗ ಬ್ಯಾಡ ಅನ್ನಲಿ?" ಅಂದಿದ್ದರು. ಅವರು ಆ ಎಲೆಯನ್ನು ಒಂದು ದಿನವೂ ಬಾಯಿಗೆ ಹಾಕಿಕೊಂಡವರಲ್ಲ. ಮಾತಿನ ಎಲೆಯನ್ನು ಅಗಿಯಬಾರದು ಎಂದು ಅಪ್ಪ ನಮಗೆ ಎಷ್ಟು ಸಲ ಹೇಳಿದ್ದಾನೆ! ಅಂಬರೀಶ ಎಲೆಯನ್ನು ಏನು ಮಾಡಿದ? ಜೇಬಿಗೆ ಹಾಕಿಕೊಂಡನೋ, ಬಾಯಿಗೆ ಹಾಕಿಕೊಂಡನೋ? ನೀನು ಬರೆದಿಲ್ಲ.

ಇಲ್ಲಿ ಹಿರೇಕೆರೂರಿನಲ್ಲಿ ಗಿರಾಕಿ ಬಾಗಿಲಲ್ಲಿ ನಿಂತೇ "ಕೀವಾ ಐತೇನ್ರಿ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ಒಳಗೇ ಬರುವುದಿಲ್ಲ. ಅಲ್ಟೋರಾ ಕೇಳುವವರು ಯಾರೂ ಇಲ್ಲ. ಭಾಯಿ, ಅವ್ವ ತನ್ನ ಪಾಲಿನ ತೋಟವನ್ನು ಮಾರಿ ಆ ಅಂಗಡಿ ಹಾಕಿಕೊಟ್ಟಳು. ಈಗ ಉಳಿದಿರುವುದು ಬಾವಿ ಪಕ್ಕದ ತುಂಡು ಮಾತ್ರ. ಅಂಗಡಿ ಹೋದರೆ ಅವಳ ತೋಟ ಎರಡನೆಯ ಸಲ ಹೋದಂತೆ. ದಸರೆ ನೋಡಿಕೊಂಡು ಮಾಲು ತೆಗೆದುಕೋ. ಅಷ್ಟಾದರೂ ನನ್ನ ಮಾತು ಕೇಳು.

ಹೋದ ವಾರ ಹುಬ್ಬಳ್ಳಿಯಿಂದ ನಮ್ಮ ಮನೆಗೆ ಅತಿಥಿಗಳು ಬಂದಿದ್ದರು. ಇಸ್ತ್ರಿ ಅಂಗಿಯವರು, ಮರ್ಯಾದೆಯವರು. ಚಹಾ ಕುಡಿದರು, ಒಂದು ಮಾತು ಕೇಳಿದರು, ಹೋದರು. ಏನೂ ಗಟ್ಟಿಯಾಗಿಲ್ಲ. ಅದಕ್ಕೇ ಹೆಚ್ಚು ಬರೆಯುವುದಿಲ್ಲ.

ಅವ್ವನಿಗೆ ಸಲಾಂ ಹೇಳು.
ದಿಲ್ಶಾದ

*

ಸವಣೂರು
8 ಸೆಪ್ಟೆಂಬರ್ 2025

ದಿಲ್ಶಾದ,

ನಿನ್ನ ಮಗಳು ಸುಮಯ್ಯಳನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನ ಕಡೆಯವರು ಬರುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಸೋದರಮಾವನಿಗೆ ಸುದ್ದಿ ಮುಟ್ಟುವುದು ಅವರು ಹೋದ ಮೇಲೆ, ಅದೂ ಖಾರಾ ಮುಗಿಯಿತು ಎಂಬ ಸುದ್ದಿಯ ಕೆಳಗೆ! ಅವ್ವನಿಗೆ ಓದಿ ಹೇಳಿದೆ. ಅವಳು ಎದ್ದು ತೋಟಕ್ಕೆ ಹೋದಳು. ನನ್ನ ಎದೆಗೆ ಬಹಳ ಚುಚ್ಚಿತು. ಆ ಹುಡುಗಿಯನ್ನು ಎತ್ತಿ ಆಡಿಸಿದವನು ನಾನು. ಓದು ಮುಗಿಯುವ ಮುಂಚೆ ಮದುವೆಯ ಅವಸರ ಯಾಕೆ?

ಅಂಗಡಿ ಚೆನ್ನಾಗಿದೆ. ಹೊಸ ಬೋರ್ಡು ಬಿದ್ದಿದೆ, ಸಂಜೆ ದೀಪ ಹಾಕಿದರೆ ಬೀದಿಯ ಆಚೆ ಬದಿಯೂ ಬೆಳ್ಳಗೆ ಕಾಣುತ್ತದೆ. ದಸರೆಗೆ ಕಾಯಲಿಲ್ಲ, ಮಾಲು ಬಂದಾಯಿತು. ಹಿಂದಿನ ಕೋಣೆಯೂ ತುಂಬಿದೆ, ಅವ್ವ ನಮಾಜಿಗೆ ಕೂರುವ ಜಾಗವನ್ನು ಸ್ವಲ್ಪ ಸರಿಸಬೇಕಾಯಿತು. ಗಿರಾಕಿ ಬರುತ್ತಾರೆ, ಹೋಗುತ್ತಾರೆ.

ಈ ಸಲದ ಡಬ್ಬಿ ಸ್ವಲ್ಪ ಭಾರ. ಹಸಿರು ಗೆರೆಯವು ಇನ್ನಷ್ಟು ಬಂದಿವೆ. ಶಿಗ್ಗಾಂವದ ಸರ್ವಿಸ್ ಸೆಂಟರು ಸುಣ್ಣ ಬಣ್ಣಕ್ಕೆಂದು ಕೆಲವು ದಿನ ಬಾಗಿಲು ಹಾಕಿದೆ, ಅದಕ್ಕೇ ಜಾವೇದನಿಗೆ ತೊಂದರೆ. ಮೊನ್ನೆ ದುಂಡಸಿಯ ಚೌಡಪ್ಪ ಹೆಂಡತಿ ಗುತ್ತೆವ್ವಳನ್ನು ಕರೆದುಕೊಂಡು ಬಂದಿದ್ದ. ಅವಳ ಫೋನು ಪೂರ್ತಿ ಸತ್ತಿತ್ತು. ಚೌಡಪ್ಪ ಜಗಳಕ್ಕೇ ಬಂದವನು, ಆದರೆ ಗುತ್ತೆವ್ವ ಜಗಳವಾಡಲಿಲ್ಲ. "ಕಂಪನಿ ಯಾವ್ದರ ಇರಲ್ರಿ, ನಾವು ನಿಮ್ಮ ಮಾರಿ ನೋಡಿ ತಗೊಂಡೇವ್ರಿ" ಅಂದಳು. ನನ್ನ ಕಪಾಟಿನಿಂದಲೇ ಹೊಸದೊಂದನ್ನು ತೆಗೆದು ಕೊಟ್ಟು ಕಳಿಸಿದೆ. ಕಂಪನಿ ಅದನ್ನು ತುಂಬಿಕೊಡುತ್ತದೆ. ಅಂಬರೀಶ ಮಾತು ಕೊಟ್ಟಿದ್ದಾನೆ.

ಎಲೆಯನ್ನು ಏನು ಮಾಡಿದ ಎಂದು ಕೇಳಿದ್ದೀ. ತೆಗೆದುಕೊಂಡ, ಅಷ್ಟೆ. ಅದನ್ನೇನು ಪೊಲೀಸರಂತೆ ಕೇಳುವುದು?

ಕುತುಬುದ್ದೀನ

*

ಹಿರೇಕೆರೂರು
15 ಸೆಪ್ಟೆಂಬರ್ 2025

ಭಾಯಿ,

ಯಾವ ಗಂಡು, ಯಾವ ಮದುವೆ? ಸುಮಯ್ಯ ಶಿಗ್ಗಾಂವದ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾಳೆ. ನಿನ್ನನ್ನು ಬಿಟ್ಟು ಅವಳ ಮದುವೆಯ ಮಾತಾಡಲು ನಾನೇನು ಹುಚ್ಚಿಯೇ? ಬಂದವರು ಬೇರೆ ಕೆಲಸಕ್ಕೆ ಬಂದಿದ್ದರು. ಆ ಕೆಲಸ ಮುಗಿಯಿತು, ಅದರ ಮಾತು ಬಿಡು. ಅವ್ವನಿಗೆ ಇದನ್ನು ಇವತ್ತೇ ಓದಿ ಹೇಳು.

ಈಗ ನಾನು ಕೇಳುತ್ತೇನೆ. ಸರ್ವಿಸ್ ಸೆಂಟರಿಗೆ ಯಾವ ಬಣ್ಣ ಬಳಿಯುತ್ತಿದ್ದಾರೆ? ಸುಮಯ್ಯ ಕಾಲೇಜಿಗೆ ಹೋಗುವ ದಾರಿಯಲ್ಲೇ ಅದು ಇದೆ. ಬೋರ್ಡು ಕಿತ್ತಿದ್ದಾರೆ, ಒಳಗೆ ಒಬ್ಬ ಟೇಲರ್ ಮಿಷಿನ್ ಹಾಕಿಕೊಂಡು ಕೂತಿದ್ದಾನೆ. "ಅವ್ವಾ, ಮಾಮಾಗ ಗೊತ್ತಿಲ್ಲೇನು?" ಎಂದು ಕೇಳಿದಳು. ನಿನಗೆ ಗೊತ್ತಿಲ್ಲದೆ ಇರುವುದಿಲ್ಲ. ನನ್ನ ಹತ್ತಿರ ಸುಳ್ಳು ಹೇಳುವುದನ್ನು ಯಾವಾಗ ಕಲಿತೆ?

ಕೈಮುಗಿದು ಹೇಳುತ್ತೇನೆ, ಆ ಮಾಲನ್ನು ವಾಪಸ್ ಒಯ್ಯಲು ಇವತ್ತೇ ಕೇಳು. ಕೀವಾ ಫೋನುಗಳನ್ನೂ ತರಿಸಿ ಇಡು. ಮಾತಿಗೆ ತಪ್ಪಿದ ಹಾಗೆ ಆಗುವುದಿಲ್ಲ. ಮಾತು ಎಂದರೆ ಇಬ್ಬರೂ ಹಿಡಿದ ಹಗ್ಗ, ಆ ತುದಿಯನ್ನು ಹಿಡಿದವನು ಬಿಟ್ಟು ಹೋದ ಮೇಲೆ ನೀನೊಬ್ಬನೇ ಜಗ್ಗಿ ಏನು ಪ್ರಯೋಜನ? ನನಗೆ ಹೆದರಿಕೆಯಾಗುತ್ತಿದೆ ಭಾಯಿ.

ದಿಲ್ಶಾದ

*

ಸವಣೂರು
29 ಸೆಪ್ಟೆಂಬರ್ 2025

ದಿಲ್ಶಾದ,

ಈ ಸಲ ಡಬ್ಬಿಯಲ್ಲಿ ಖಾರಾ ಇಲ್ಲ. ಹುಡುಕಬೇಡ.

ಕೀವಾ ತರಿಸು, ಕೀವಾ ಇಡು ಎಂದು ನೀನು ಯಾಕೆ ಬೆನ್ನು ಬಿದ್ದಿದ್ದೀ ಎಂದು ಈಗ ತಿಳಿಯಿತು. ಅಂಬರೀಶ ಬಂದಿದ್ದ. ಮಾಲಿನ ಮಾತು ತೆಗೆದರೆ ಅವನು ನಿನ್ನ ಮನೆಯ ಮಾತು ತೆಗೆದ. "ಅಣ್ಣಾರ, ಸವಣೂರಿನ ಕೀವಾ ಏಜೆನ್ಸಿ ನಿಮ್ಮ ಜಾವೇದ ಅವರಿಗೆ ಕೊಡಾಕ ಹುಬ್ಬಳ್ಳಿಯವರು ಅವರ ಮನಿತನಕ ಹೋಗಿದ್ರಂತ. ನಿಮಗ ಹೇಳಿಲ್ಲೇನ್ರಿ?" ಎಂದು ನಕ್ಕ. ನಾನೂ ನಕ್ಕೆ. ಬೇರೆ ಏನು ಮಾಡಲಿ? ಪರರ ಎದುರು ತಂಗಿಯನ್ನು ಬಿಟ್ಟುಕೊಡಲು ಆಗುತ್ತದೆಯೇ?

ಇಸ್ತ್ರಿ ಅಂಗಿಯ ಅತಿಥಿಗಳು! ಮರ್ಯಾದೆಯವರು! ನಾನು ಹುಚ್ಚನಂತೆ ಸುಮಯ್ಯಳ ಮದುವೆಯ ಕನಸು ಕಂಡು ಅಳುತ್ತಿದ್ದೆ. ನೀವು ಗಂಡ ಹೆಂಡತಿ ಅಲ್ಲಿ ಚಹಾ ಕೊಟ್ಟು ನನ್ನ ಬೀದಿಯನ್ನೇ ಅಳೆಯುತ್ತಿದ್ದಿರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲ ಎಂದುಕೊಂಡೆಯಾ? ಆ ಕೆಲಸ ಮುಗಿಯಿತು ಎಂದು ನೀನೇ ಬರೆದಿದ್ದೆ. ಮುಗಿಯಿತು ಎಂದರೆ ಕರಾರು ಮುಗಿಯಿತು ಎಂದೇ ಅಲ್ಲವೇ?

ಹಾಕಿರಿ. ನನ್ನ ಎದುರಿಗೇ ಹಾಕಿರಿ. ಅವ್ವನ ತೋಟದ ದುಡ್ಡಿನಿಂದ ಎದ್ದ ಅಂಗಡಿಯನ್ನು ಅವ್ವನ ಮಗಳೇ ಬೀಳಿಸಲಿ. ನನಗೆ ಅಲ್ಟೋರಾ ಬಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಡಬ್ಬಿಯಲ್ಲಿರುವ ಫೋನುಗಳು ಗಿರಾಕಿಗಳವು, ಅದಕ್ಕೇ ಕಳಿಸಿದ್ದೇನೆ. ಜಾವೇದನಿಗೆ ಮನಸ್ಸಿದ್ದರೆ ಮಾಡಲಿ, ಇಲ್ಲದಿದ್ದರೆ ಹಾಗೆಯೇ ವಾಪಸ್ ಕಳಿಸಲಿ.

ಇನ್ನು ನನಗೆ ಬರೆಯಬೇಡ.

ಕುತುಬುದ್ದೀನ

*

ಹಿರೇಕೆರೂರು
4 ಅಕ್ಟೋಬರ್ 2025

ಭಾಯಿ,

ಫೋನುಗಳು ಡಬ್ಬಿಯಲ್ಲಿವೆ. ಎಲ್ಲವನ್ನೂ ಇವರು ರಿಪೇರಿ ಮಾಡಿದ್ದಾರೆ. ಪ್ರತಿಯೊಂದಕ್ಕೂ ಗಿರಾಕಿಯ ಹೆಸರಿನ ಚೀಟಿ ಅಂಟಿಸಿದ್ದೇನೆ.

ನೀನು ಕೇಳಿದ್ದರೆ ಹೇಳುತ್ತಿದ್ದೆ. ನೀನು ಕೇಳಲಿಲ್ಲ, ತೀರ್ಪು ಬರೆದೆ.

ದಿಲ್ಶಾದ

*

ಸವಣೂರು
31 ಅಕ್ಟೋಬರ್ 2025

ದಿಲ್ಶಾದ,

ಬರೆಯಬೇಡ ಎಂದವನೇ ಬರೆಯುತ್ತಿದ್ದೇನೆ. ಹರಿದು ಎಸೆಯಬೇಡ, ಪೂರ್ತಿ ಓದಿ ಆಮೇಲೆ ಎಸೆ.

ದಸರೆ ಕಳೆಯಿತು, ಮಾಲು ಅಲುಗಲಿಲ್ಲ. ನನ್ನ ಬೋರ್ಡಿನ ಬೆಳಕಿನಲ್ಲಿ ನಿಂತು ಮಂದಿ ಬಸ್ಸಿಗೆ ಕಾಯುತ್ತಿದ್ದರು, ಒಳಗೆ ಯಾರೂ ಬರಲಿಲ್ಲ. ಅಂಬರೀಶನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಆಮೇಲೆ ಆ ನಂಬರೇ ಇಲ್ಲ ಎಂದು ಬಂತು. ಹುಬ್ಬಳ್ಳಿಯಲ್ಲಿರುವ ಕಂಪನಿಯ ಆಫೀಸಿಗೆ ಹೋದೆ. ಬೀಗ ಹಾಕಿತ್ತು. ನನ್ನಂತೆಯೇ ಬಂದಿದ್ದ ಇನ್ನೂ ಕೆಲವರು ಮೆಟ್ಟಿಲ ಮೇಲೆ ಕೂತಿದ್ದರು. ಯಾರಿಗೂ ಯಾರ ಮುಖ ನೋಡುವ ಧೈರ್ಯವಿರಲಿಲ್ಲ.

ಎದುರಿನ ಖಾಲಿ ಮಳಿಗೆ ಮಾತ್ರ ತಯಾರಾಗುತ್ತಿತ್ತು. ಗಾಜು ಬಂತು, ದೀಪ ಬಂತು, ಕೀವಾ ಬೋರ್ಡು ಏರಿತು. ಪ್ರತಿ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆದು, ಜಾವೇದ ಯಾವಾಗ ಬರುತ್ತಾನೆ, ನೀನು ಯಾವ ಮುಖ ಹೊತ್ತು ಬರುತ್ತೀ ಎಂದು ಕಾಯುತ್ತಿದ್ದೆ. ಬಂದರೆ ಬೀದಿಯಲ್ಲೇ ನಿಲ್ಲಿಸಿ ಬಯ್ಯಬೇಕೆಂದು ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ದೀಪಾವಳಿ ಪಾಡ್ಯದ ದಿನ ಅದರ ಬಾಗಿಲು ತೆರೆಯಿತು. ಹೂವಿನ ಹಾರದ ಕೆಳಗೆ ನಿಂತು ಪೇಢಾ ಹಂಚುತ್ತಿದ್ದವನು ಅಂಬರೀಶ.

ನಡೆದುಕೊಂಡು ಆಚೆ ಬದಿಗೆ ಹೋದೆ. ಅವನು ಹೆದರಲಿಲ್ಲ, ನಾಚಲೂ ಇಲ್ಲ.

"ಬರ್ರಿ ಅಣ್ಣಾರ, ಪೇಢಾ ತಗೋರಿ. ಕಂಪನಿ ಮುಳುಗಾಕತ್ತಿತ್ತು, ನಾನೂ ನನ್ನ ಹೊಟ್ಟಿ ನೋಡ್ಕೋಬೇಕಲ್ರಿ."

"ಈ ಅಂಗಡಿ ಜಾವೇದಂದಲ್ಲೇನು?" ಎಂದು ಕೇಳಿದೆ.

"ಮೊದಲ ಅವರಿಗೇ ಕೇಳಿದ್ರಲ್ರಿ! ಅವರು ಹೂಂ ಅನ್ನೂವ್ರಿದ್ರಂತ. ನಿಮ್ಮ ತಂಗಿ ಒಲ್ಲೆ ಅಂದ್ರಂತ. ನಮ್ಮಣ್ಣನ ಎದುರಿಗೆ ನಾವು ಅಂಗಡಿ ಹಾಕೂದಿಲ್ಲ, ಹಸಿವಿದ್ರೂ ಹಾಕೂದಿಲ್ಲ ಅಂತ ಹೇಳಿ ಕಳಿಸ್ಯಾರ. ಅದಕ್ಕ ನನಗ ಬಂತ್ರಿ. ನಿಮಗ ಗೊತ್ತಿಲ್ಲೇನು?"

ದಿಲ್ಶಾದ, ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೋಗುವ ಮುಂಚೆ ಒಂದೇ ಮಾತು ಕೇಳಿದೆ. "ನನ್ನ ಕೈಯಿಂದ ಎಲಿ ತಗೊಂಡಿದ್ದೆಪಾ ನೀ."

ಅವನು ನೆನಪು ಮಾಡಿಕೊಂಡ. "ಹೌದ್ರಿ! ಭಾಳ ಚಲೋ ಎಲಿ. ಹೊರಗ ಹೋಗೂದ್ರಾಗ ತಿಂದ್ಬಿಟ್ಟೆ."

ನಾನೂ ಅವತ್ತು ನೋಡಿದ್ದೆ. ಬಾಗಿಲಲ್ಲೇ ಸುಣ್ಣ ಕೇಳಿ ಹಚ್ಚಿಕೊಂಡು ಅಗಿದ. ಚಿಕ್ಕವನು, ಗೊತ್ತಿಲ್ಲ, ಗೊತ್ತಿಲ್ಲದಿದ್ದರೂ ಮಾತು ಮಾತೇ ಎಂದುಕೊಂಡೆ. ಅವನಿಗೆ ಅದು ಬರೀ ತಿನ್ನುವ ಎಲೆ. ಅವನನ್ನು ಬಯ್ಯಲು ನನಗೆ ಬಾಯಿಲ್ಲ. ಆನೆಯಷ್ಟು ದೊಡ್ಡ ಕಂಪನಿಯನ್ನು ಕುಬೇರಪ್ಪನವರು ಎಂದುಕೊಂಡವನು ನಾನು.

ನೀನು ಒಂದು ಸಾಲು ಬರೆದಿದ್ದರೆ, ಏಜೆನ್ಸಿ ತಗೋ, ಅಂಗಡಿ ಹಾಕು ಅನ್ನುತ್ತಿದ್ದೆ. ಇಲ್ಲ, ಅದು ಸುಳ್ಳು. ಕೂಗಾಡುತ್ತಿದ್ದೆ. ಕೂಗಾಡಿ ಸುಸ್ತಾದ ಮೇಲೆ ಅವ್ವ ನನ್ನ ಬಾಯಿಂದ ಆ ಮಾತು ಅನ್ನಿಸುತ್ತಿದ್ದಳು. ಈಗ ಎದುರಿನ ಅಂಗಡಿ ನಿನ್ನದೂ ಅಲ್ಲ, ನನ್ನದೂ ಅಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಿನಗೆ ನಾನು ಆಡಿದ ಮಾತನ್ನು ಯಾವ ಆನೆ ಕೊಟ್ಟು ವಾಪಸ್ ತೆಗೆದುಕೊಳ್ಳಲಿ?

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಬಾವಿ ಪಕ್ಕದ ತುಂಡಿಗೆ ಕರೆದುಕೊಂಡು ಹೋಗಿ ಎಲೆಬಳ್ಳಿ ಹಬ್ಬಿದ ನುಗ್ಗೆ ಮರದ ತುದಿ ತೋರಿಸಿದಳು. "ಬಳ್ಳಿ ತುದಿ ಮುಟ್ಟಿದ ಮ್ಯಾಲೆ ಎಲಿ ಸಣ್ಣ ಆಗ್ತಾವ. ಇಳಿಸಿ, ಸುತ್ತಿ, ಬುಡಕ್ಕ ಮಣ್ಣು ಮುಚ್ಚಬೇಕು. ಆಗ ಮತ್ತ ಚಿಗೀತೈತಿ. ನೀ ಅದಕ್ಕ ದೀಪಾ ಹಚ್ಚಿ ನೋಡ್ಕೋತ ಕುಂತಿದ್ದಿ." ನಿನ್ನೆ ಏಣಿ ಹಾಕಿ ನಾನೇ ಬೋರ್ಡು ಇಳಿಸಿದೆ. ಎದುರಿನವರು ನೋಡುತ್ತಿದ್ದರು, ನೋಡಲಿ.

ಮಾಲು ಮನೆ ತುಂಬ ಇದೆ. ಕಂಪನಿ ಇರಲಿ ಬಿಡಲಿ, ಗೆರೆ ಬಿದ್ದರೆ ಈ ಅಂಗಡಿ ಸರಿಮಾಡಿಕೊಡುತ್ತದೆ ಎಂದು ಹೇಳಿ ಮಾರಬಹುದು. ನಿಮ್ಮ ಮುಖ ನೋಡಿ ಕೊಂಡೆವು ಅಂದಳಲ್ಲ ಗುತ್ತೆವ್ವ. ಆದರೆ ಸರಿಮಾಡುವ ಕೈ ನನ್ನದಲ್ಲ, ಜಾವೇದನದು. ಅವನ ಕನಸನ್ನು ನನ್ನ ಸಲುವಾಗಿ ನೀನು ಮುರಿದೆ, ಅವನನ್ನು ಯಾವ ಬಾಯಿಂದ ಕರೆಯಲಿ? ನೀನೇ ಕೇಳು. ಒಲ್ಲೆ ಅಂದರೆ ಅದೂ ನ್ಯಾಯವೇ.

ಡಬ್ಬಿಯಲ್ಲಿ ಖಾರಾದ ಮೇಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಎಲೆ ಇಟ್ಟಿದ್ದೇನೆ. ಅದರ ಜೋಡಿ ಎಲೆ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ.

ಭಾಯಿ

*

ಹಿರೇಕೆರೂರು
2 ನವೆಂಬರ್ 2025

ಭಾಯಿ, ಸಲಾಂ.

ನಾನು ಪೂರ್ತಿ ಓದಿದೆ, ಎಸೆಯಲಿಲ್ಲ. ಮೊದಲು ಅತ್ತೆ, ಆಮೇಲೆ ಸಿಟ್ಟು ಬಂತು, ಆಮೇಲೆ ಖಾರಾ ತಿಂದೆ.

ನಾನು ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀ. ನಿನಗಾಗಿ ಬಿಟ್ಟೆ ಎಂದು ಬರೆದರೆ ಅದು ಉಪಕಾರವಾಗುತ್ತದೆ. ತಂಗಿ ಅಣ್ಣನಿಗೆ ಉಪಕಾರದ ಲೆಕ್ಕ ಬರೆದು ಕಳಿಸಬೇಕೇ? ಸುಮ್ಮನಿದ್ದರೆ ದೊಡ್ಡತನ ಎಂದುಕೊಂಡೆ. ಅದೂ ಒಂದು ಸೊಕ್ಕು, ಈಗ ತಿಳಿಯುತ್ತಿದೆ. ನಾನು ಒಲ್ಲೆ ಅಂದ ದಿನದಿಂದ ಇವರು ನನ್ನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಊಟ ಬಡಿಸಿದರೆ ತಾಟು ನೋಡಿ ಉಣ್ಣುತ್ತಿದ್ದರು. ಅದನ್ನೂ ನಿನಗೆ ಬರೆಯಲಿಲ್ಲ.

ನಿನ್ನ ಪತ್ರವನ್ನು ಅವರ ಮುಂದೆ ಇಟ್ಟೆ. ಓದಿದರು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಆಮೇಲೆ, "ನಿಮ್ಮಣ್ಣ ಬೋರ್ಡ್ ಇಳಿಸ್ಯಾನಂದ್ರ ಮನಷ್ಯಾ ಆಗ್ಯಾನ. ಆದ್ರ ಅವನ ಅಂಗಡ್ಯಾಗ ನಾ ಆಳಾಗಿ ಕುಂದ್ರೂದಿಲ್ಲ, ಪಾಲುದಾರ ಆಗಿ ಕುಂದ್ರತೇನಿ. ಹಂಗಿದ್ರ ಬರ್ತೇನಿ ಅಂತ ಬರಿ" ಅಂದರು. ಬರೆದಿದ್ದೇನೆ. ಅರ್ಧ ವಾರ ಇಲ್ಲಿ, ಅರ್ಧ ವಾರ ಅಲ್ಲಿ. ಈ ಪತ್ರವನ್ನು ಇವತ್ತಿನ ಬಸ್ಸಿಗೇ ಕೊಡುತ್ತೇನೆ, ನಾಳೆ ಬೆಳಗಿನ ಬಸ್ಸಿಗೆ ಇಬ್ಬರೂ ಬರುತ್ತೇವೆ. ಅವ್ವನಿಗೆ ಹೇಳು, ಅವಳ ನಮಾಜಿನ ಜಾಗ ಮೊದಲು ಖಾಲಿಯಾಗಬೇಕು. ಆ ಫೋನಿನ ಡಬ್ಬಿಗಳನ್ನು ನಾನೇ ಎತ್ತಿಡುತ್ತೇನೆ.

ರಾಜ್ಯೋತ್ಸವದ ರಜೆಗೆ ಸುಮಯ್ಯ ಬಂದಿದ್ದಾಳೆ. ನಾನು ಪತ್ರ ಓದುತ್ತಿದ್ದಾಗ ಅವಳು ಡಬ್ಬಿ ಬಿಚ್ಚಿ, ಬಟ್ಟೆ ತೆಗೆದು, "ಮಾಮಾ ಎಲಿ ಕಳಿಸ್ಯಾರ" ಎಂದು ಅದನ್ನು ಬಾಯಿಗೆ ಇಡಲು ಹೋದಳು. ಓದುವುದನ್ನು ಬಿಟ್ಟು ಅವಳ ಕೈಮೇಲೆ ಹೊಡೆದೆ. ಎಲೆ ನೆಲಕ್ಕೆ ಬಿತ್ತು. ಇಬ್ಬರೂ ಗಾಬರಿಯಾದೆವು. ಅವಳಿಗೆ ಪಾಪ ಏನು ಗೊತ್ತು? ಇಷ್ಟು ವರ್ಷ ನಾವು ಯಾರೂ ಅವಳಿಗೆ ಹೇಳಿಯೇ ಇಲ್ಲ.

ಹತ್ತಿರ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅಪ್ಪನ ಕಥೆ, ಕುಬೇರಪ್ಪನವರ ಕಥೆ, ಚುಕ್ಕೆ ಬಿದ್ದ ಎಲೆಯ ಕಥೆ. ಕೇಳಿ, ಎಲೆಯನ್ನು ಅವಳೇ ಒರೆಸಿ ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಳು.

ದಿಲ್ಶಾದ